ತೆನೆ ಹಬ್ಬದ ಊಟ

ಇವತ್ತು ಸೆಪ್ಟೆಂಬರ್ 8. ಮಂಗಳೂರಲ್ಲಿ ಕ್ಯಾಥೊಲಿಕ್ ಕ್ರೈಸ್ತರ ತೆನೆ ಹಬ್ಬ ಮೊಂತಿ ಫೆಸ್ತ್, ಯೇಸುವಿನ ತಾಯಿ ಕನ್ಯಾ ಮರಿಯಮ್ಮ ಹುಟ್ಟಿದ ದಿನ.

ಪಕ್ಕದ ಮನೆಯ ಕ್ರೈಸ್ತ ಹೆಂಗಸು ಬೆಳಿಗ್ಗೆಯೇ ಕಾಂಪೌಂಡ್ ಆಚೆಯಿಂದ ಕರೆದು ಹೇಳಿದ್ರು, "ಮಧ್ಯಾಹ್ನ ಊಟ ನಮ್ಮಲ್ಲಿ ಮಾರಾಯ್ತಿ, ನೀನು ಅಡುಗೆ ಮಾಡ್ಬೇಡ."

ಹೋದಾಗ ಅವರ ಅತ್ತೆ, ಆ ಮನೆಯ ಅಜ್ಜಿ, ಇಗರ್ಜಿಯಿಂದ (ಚರ್ಚಿನಿಂದ) ತಂದ ಭತ್ತದ ತೆನೆ ಬಿಡಿಸುತ್ತಾ ಕೂತಿದ್ದರು. ಒಂದೊಂದೇ ಕಾಳು, ಉಗುರಿನಲ್ಲೇ ಸುಲಿಯೋದು. ಅಕ್ಕಿ ಇನ್ನೂ ಎಳೆಯದು, ತುಸು ಹಸಿರು. ಪಾದ್ರಿಗಳು ಆಶೀರ್ವದಿಸಿ ಕೊಟ್ಟ ತೆನೆ ಅಲ್ವಾ, ಒಂದು ಕಾಳು ಕೆಳಗೆ ಬಿದ್ದರೂ ಬಗ್ಗಿ ಹುಡುಕುತ್ತಿದ್ದರು. ಅದನ್ನು ಅರೆದು ತೆಂಗಿನ ಹಾಲಿಗೆ ಬೆರೆಸಿದರು. ಪ್ರಾರ್ಥನೆ ಮುಗಿದ ಮೇಲೆ ಎಲ್ಲರಿಗೂ ಅವರ ಕೈಯಿಂದಲೇ. ನನಗೂ. ಆಮೇಲೆ ಊಟ.

ಬಾಳೆ ಎಲೆ ಮೇಲೆ ಮೀನಿಲ್ಲ, ಮಾಂಸ ಇಲ್ಲ. ಬರೀ ತರಕಾರಿ, ಅದೂ ಬೆಸ ಲೆಕ್ಕದಲ್ಲಿ. ಬೆಂಡೆ, ಹೀರೆ, ಹರಿವೆ ದಂಟಿಗೆ ಅಮಟೆಕಾಯಿ ಹಾಕಿದ ಸಾಂಬಾರು... ಆ ಹುಳಿ ಇನ್ನೂ ನಾಲಿಗೆ ಮೇಲಿದೆ.

ನಮ್ಮ ಮನೆಯಲ್ಲೂ ತೆನೆ ತಂದು ಬಾಗಿಲಿಗೆ ಕಟ್ಟುತ್ತೇವೆ, ಹೊಸ ಅಕ್ಕಿ ಊಟ ಮಾಡ್ತೇವೆ. ದೇವರ ಹೆಸರು ಬೇರೆ, ಪ್ರಾರ್ಥನೆ ಬೇರೆ. ಮೊದಲ ಬೆಳೆಯನ್ನು ಒಬ್ಬರೇ ಉಣ್ಣಬಾರದು ಅನ್ನೋದು ಮಾತ್ರ ಎರಡೂ ಮನೆಯಲ್ಲಿದೆ. ನನಗೆ ಅದು ತುಂಬಾ ದೊಡ್ಡದು ಅನಿಸುತ್ತೆ.

ಸ್ವಲ್ಪ ಕಾಳು ಅಜ್ಜಿ ಕಾಗದದಲ್ಲಿ ಮಡಚಿಟ್ಟರು, ಕುವೈತಲ್ಲಿರೋ ಮಗನಿಗೆ ಕಳಿಸೋಕೆ. ಊಟಕ್ಕೆ ಬರಲಾಗದವರಿಗೂ ಪಾಲು ಇದೆ.

ನಮ್ಮ ಹೊಸ ಅಕ್ಕಿ ಊಟಕ್ಕೆ ಅವರೆಲ್ಲರನ್ನೂ ಕರೆದು ಬಂದಿದ್ದೇನೆ. ಅಜ್ಜಿಗೆ ಖಾರ ಆಗಲ್ಲವಂತೆ, ಪಲ್ಯಕ್ಕೆ ಮೆಣಸು ಕಮ್ಮಿ ಹಾಕಬೇಕು.