ನಿಂತ ರೈಲಿನಲ್ಲಿ ಮೂರಕ್ಷರದ ಬೇಟೆ

ರೈಲು ಎರಡು ಗಂಟೆ ನಿಂತಲ್ಲೇ ನಿಂತಿತ್ತು. ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಎದುರಿಗೆ ಕೂತಿದ್ದ ತಮ್ಮನ ಮಗಳು, ಕಾಲೇಜಿನಲ್ಲಿ ಬಯಾಲಜಿ ಓದುತ್ತಿರುವವಳು, ಕಿಟಕಿಯಿಂದ ಮುಖ ತಿರುಗಿಸಿ ಕೇಳಿದಳು: "ಅತ್ತೆ, ಎಚ್-ಐ-ಜೆ ಮೂರೂ ಇದೇ ಕ್ರಮದಲ್ಲಿ, ಮಧ್ಯೆ ಏನೂ ಇಲ್ಲದೆ ಬರೋ ಇಂಗ್ಲಿಷ್ ಪದ ಹೇಳಿ ನೋಡೋಣ."

ಹೈಜಾಕ್ ಅಂದೆ. ತಡವಾಗಲಿಲ್ಲ.

ಅಷ್ಟಕ್ಕೇ ಬಿಟ್ಟಿದ್ದರೆ ಮುಗಿದು ಹೋಗುತ್ತಿತ್ತು. ಆದರೆ ಅವಳು ನೋಟ್‌ಬುಕ್ ತೆಗೆದು ಎ-ಬಿ-ಸಿ, ಬಿ-ಸಿ-ಡಿ, ಸಿ-ಡಿ-ಇ ಅಂತ ಉದ್ದಕ್ಕೂ ಬರೆಯುತ್ತಾ ಹೋದಳು. 26 ಅಕ್ಷರಗಳಿಂದ ಹೀಗೆ 24 ಮೂರರ ಗುಂಪುಗಳು ಬರುತ್ತವೆ. ಒಂದೊಂದಕ್ಕೂ ಒಂದು ಪದ ಹುಡುಕಬೇಕು ಅಂದಳು.

ಸುಲಭದವು ಬೇಗ ಸಿಕ್ಕವು. ಡಿ-ಇ-ಎಫ್‌ಗೆ ಡಿಫೀಟ್, ಎಸ್-ಟಿ-ಯುಗೆ ಸ್ಟೂಡೆಂಟ್, ಎನ್-ಒ-ಪಿಗೆ ಮೊನಾಪಲಿ. ಎಂ-ಎನ್-ಒ ಬಂದಾಗ ನಾನು ಯೋಚಿಸುವಷ್ಟರಲ್ಲೇ ಅವಳು ಜಿಮ್ನೋಸ್ಪರ್ಮ್ ಅಂತ ಬರೆದುಬಿಟ್ಟಳು. ಪೈನ್ ಮರದ ಗುಂಪಿನ ಹೆಸರದು, ಪರೀಕ್ಷೆಗೆ ಓದಿದ್ದು ನಾಲಿಗೆ ತುದಿಯಲ್ಲೇ ಇತ್ತು. ಆರ್-ಎಸ್-ಟಿ ಹತ್ತಿರ ಮಾತ್ರ ಸ್ವಲ್ಪ ತಡವರಿಸಿದೆವು. ಫಸ್ಟ್ ಅನ್ನೋದು ದಿನಕ್ಕೆ ಹತ್ತು ಸಲ ಬಾಯಲ್ಲಿ ಬರುವ ಪದ, ಆದರೆ ನಾವು ಅದನ್ನು ಹೇಳುವಾಗಲೂ ಕನ್ನಡದಲ್ಲಿ ಬರೆಯುವಾಗಲೂ ಆರ್ ಮಾಯ ಆಗಿರುತ್ತದೆ. ಕಿವಿ ಅದನ್ನು ಹಿಡಿಯಲಿಲ್ಲ.

ಆಗಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಜಿ-ಎಚ್-ಐನಲ್ಲಿ ಚೆನ್ನಾಗಿ ಸಿಕ್ಕಿಹಾಕಿಕೊಂಡೆ. ನೋಡಿದ ಕೂಡಲೇ ನನ್ನ ತಲೆ ಅದನ್ನು ‘ಘಿ’ ಅಂತ ಓದಿತು, ಆಮೇಲೆ ಅರ್ಧ ಗಂಟೆ ‘ಘಿ’ ಸದ್ದು ಇರುವ ಪದಕ್ಕೇ ತಡಕಾಡಿದೆ. ಇಂಗ್ಲಿಷಿನಲ್ಲಿ ಆ ಮಹಾಪ್ರಾಣ ಎಲ್ಲಿದೆ? ಕನ್ನಡ ಓದಿ ಬೆಳೆದ ನಮಗೆ ಅಕ್ಷರ ಅಂದರೆ ಸದ್ದು. ಬರೆದದ್ದನ್ನೇ ಓದುತ್ತೇವೆ, ಓದಿದ್ದನ್ನೇ ಬರೆಯುತ್ತೇವೆ. ಇಂಗ್ಲಿಷ್ ಅಕ್ಷರ ಹಾಗಲ್ಲ. ಎಷ್ಟೋ ಸಲ ಅದು ಸುಮ್ನೆ ಕೂತಿರುತ್ತದೆ, ಬಾಯಿಗೆ ಬರುವುದೇ ಇಲ್ಲ.

ಅವಳು ಬೇರೆ ದಾರಿ ಹಿಡಿದಳು. ಹಾಳೆಯ ಬಲಗಡೆ ‘ಇಂಗ್’ ಅಂತ ಬರೆದು ಎಡಗಡೆ ಖಾಲಿ ಬಿಟ್ಟಳು. "ಐ ಅಂತೂ ಇಲ್ಲೇ ಸಿಕ್ತು ಅತ್ತೆ, ಇನ್ನು ಜಿ-ಎಚ್ ಕೊನೆಗೆ ಬರೋ ಕ್ರಿಯಾಪದ ಸಾಕು." ನಗುವ ಲಾಫ್, ಕೆಮ್ಮುವ ಕಾಫ್, ತೂಗುವ ವೇ, ನಿಟ್ಟುಸಿರು ಬಿಡುವ ಸೈ, ಒಂದರ ಹಿಂದೆ ಒಂದು ಸುರಿದವು. ಲಾಫಿಂಗ್, ಕಾಫಿಂಗ್, ವೇಯಿಂಗ್, ಸೈಯಿಂಗ್. ಒಂದರಲ್ಲೂ ‘ಘ’ ಕೇಳುವುದಿಲ್ಲ. ಎಲ್ಲದರಲ್ಲೂ ಜಿ-ಎಚ್-ಐ ಇದೆ! ನನಗೆ ನಿಜಕ್ಕೂ ಖುಷಿಯಾಯಿತು, ಅಷ್ಟು ಹೊತ್ತು ಇಲ್ಲ ಅಂದುಕೊಂಡಿದ್ದ ಕಡೆ ಒಂದು ಸಾಲೇ ಇತ್ತಲ್ಲ ಅಂತ.

ಅವಳು ನೋಡಿದ್ದು ಪದದ ಜೋಡಣೆಯನ್ನು, ಅಂದರೆ ಮೂಲ ಪದಕ್ಕೆ ಬಾಲ ಅಂಟಿಕೊಳ್ಳುವ ಜಾಗವನ್ನು. ನಾನೂ ಹಾಗೇ ಮಾಡಿದೆ. ಎಲ್-ಎಂ-ಎನ್ ಅನ್ನುವ ಮೂರು ವ್ಯಂಜನ ಒಂದೇ ಕಡೆ ಹೇಗೆ ಬರಬೇಕು ಅಂತ ಮೊದಲು ಬಿಟ್ಟುಬಿಟ್ಟಿದ್ದೆವು. ಈಗ ‘ನೆಸ್’ ಬರೆದು ಅದರ ಹಿಂದೆ ಎಲ್-ಎಂಗೆ ಮುಗಿಯುವ ಪದ ಇಟ್ಟೆ: ಕಾಮ್, ಅಂದರೆ ಶಾಂತ. ಕಾಮ್‌ನೆಸ್! ಇಲ್ಲೂ ಎಲ್ ಸದ್ದೇ ಮಾಡುವುದಿಲ್ಲ, ಕಿವಿಗೆ ಬಿಟ್ಟಿದ್ದರೆ ನಾಳೆವರೆಗೂ ಸಿಗುತ್ತಿರಲಿಲ್ಲ.

ಇದನ್ನು ಯೋಚಿಸುವಾಗ ನಮ್ಮ ಸಂಧಿ ನೆನಪಾಯಿತು. ಊರು, ಅಲ್ಲಿ ಸೇರಿದರೆ ಒಂದು ಸ್ವರ ಬಿದ್ದು ಊರಲ್ಲಿ ಆಗುತ್ತದೆ. ಮರಕ್ಕೆ ಅನ್ನು ಸೇರಿದರೆ ನಡುವೆ ವಕಾರ ಬರುತ್ತದೆ. ಮಳೆ, ಕಾಲ ಸೇರಿ ಮಳೆಗಾಲ. ನಮ್ಮಲ್ಲಿ ಎರಡು ತುಂಡು ಸೇರಿದ ಕಡೆ ಏನಾದರೂ ಬದಲಾಗಿ ಬಾಯಿಗೆ ಹಿತವಾಗುತ್ತದೆ. ಇಂಗ್ಲಿಷಿನಲ್ಲೂ ಮೇಕ್‌ಗೆ ಇಂಗ್ ಸೇರಿದರೆ ಕೊನೆಯ ಇ ಬೀಳುತ್ತದೆ, ನಿಜ. ಆದರೆ ಬಹಳಷ್ಟು ಕಡೆ ತುಂಡುಗಳು ಇದ್ದ ಹಾಗೇ ಅಂಟಿಕೊಳ್ಳುತ್ತವೆ. ಬೇರೆ ಎಲ್ಲೂ ಜೊತೆಗಿರದ ಅಕ್ಷರಗಳು ಆ ಅಂಟಿನಲ್ಲಿ ಪಕ್ಕಪಕ್ಕ ಕೂರುತ್ತವೆ. ವಿಚಿತ್ರ ಜೋಡಿ ಬೇಕಾದರೆ ಅಲ್ಲೇ ಹುಡುಕಬೇಕು.

ರೈಲು ಹೊರಟಾಗ 24ರಲ್ಲಿ ಎಂಟು ಸಿಕ್ಕಿದ್ದವು. ಕ್ಯೂ ಇರುವ ಗುಂಪುಗಳಿಗೆ ನಾವು ಜಾಸ್ತಿ ಹೊತ್ತು ಕೊಡಲಿಲ್ಲ. ಕ್ಯೂ ಆದಮೇಲೆ ಹೆಚ್ಚಿನ ಪದಗಳಲ್ಲಿ ಯು ಬಂದೇ ಬರುತ್ತದೆ, ಆರ್‌ಗೆ ಜಾಗ ಎಲ್ಲಿ? ಅಕ್ಷರದ ಬಿಲ್ಲೆ ಜೋಡಿಸಿ ಪದ ಕಟ್ಟುವ ಇಂಗ್ಲಿಷ್ ಸ್ಕ್ರ್ಯಾಬಲ್ ಆಟದ 100 ಬಿಲ್ಲೆಗಳಲ್ಲಿ ಇ ಅಕ್ಷರಕ್ಕೆ 12, ಕ್ಯೂಗೂ ಜೆಗೂ ಒಂದೊಂದೇ. 1930ರ ದಶಕದಲ್ಲಿ ಆ ಆಟ ಕಟ್ಟಿದ ಆಲ್ಫ್ರೆಡ್ ಬಟ್ಸ್ ಪತ್ರಿಕೆಯ ಪುಟಗಳಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಅಂತ ಕೂತು ಎಣಿಸಿದ್ದರಂತೆ. ನಮ್ಮ ಹಾಳೆಯಲ್ಲಿ ಖಾಲಿ ಉಳಿದ ಜಾಗಗಳಲ್ಲೂ ಅದೇ ಕ್ಯೂ, ಜೆ ಅಕ್ಷರಗಳು ಎದ್ದು ಕಾಣುತ್ತಿದ್ದವು.

ಮನೆಗೆ ಬಂದಮೇಲೆ ಕಂಪ್ಯೂಟರಿನಲ್ಲಿ ಒಂದು ಪದಪಟ್ಟಿ ತೆರೆದು ಉಳಿದವನ್ನು ಹುಡುಕಿದೆ. ಇನ್ನೂ ಮೂರು ಸಿಕ್ಕವು. ಎ-ಬಿ-ಸಿಗೆ ಡ್ಯಾಬ್‌ಚಿಕ್, ನೀರಲ್ಲಿ ಮುಳುಗಿ ಮುಳುಗಿ ಏಳುವ ಒಂದು ಪುಟ್ಟ ಹಕ್ಕಿ. ಎಕ್ಸ್-ವೈ-ಝಡ್‌ಗೆ ಹೈಡ್ರಾಕ್ಸಿಝೀನ್, ಅಲರ್ಜಿಯ ತುರಿಕೆಗೆ ಕೊಡುವ ಔಷಧ. ಎರಡರಲ್ಲೂ ಅದೇ ಅಂಟು: ಡ್ಯಾಬ್ ಮುಗಿದು ಚಿಕ್, ಹೈಡ್ರಾಕ್ಸಿ ಮುಗಿದು ಝೀನ್. ಮೂರನೆಯದು ಮಾತ್ರ ಹೊಟ್ಟೆ ಉರಿಸಿತು. ಎಫ್-ಜಿ-ಎಚ್‌ಗೆ ಅಫ್ಘಾನ್! ಪೇಪರಿನಲ್ಲಿ ಎಷ್ಟು ಸಲ ಓದಿಲ್ಲ ಆ ಪದವನ್ನು. ಅದೂ ನಾನು ಅರ್ಧ ಗಂಟೆ ಹುಡುಕಿದ ‘ಘ’ ಕನ್ನಡದಲ್ಲಿ ಬರೆದಾಗ ಕಣ್ಣೆದುರೇ ಇದೆ.

ಮಾರನೇ ದಿನ ಬೆಳಿಗ್ಗೆ ಅವಳ ಮೆಸೇಜು: "ಅತ್ತೆ, ಈಗ ಹಿಂದಿನಿಂದ. ಒ-ಎನ್-ಎಂ?"

ಈ ಸಲ ಸದ್ದಿನ ಹಿಂದೆ ಹೋಗಲಿಲ್ಲ. ಎಂನಿಂದ ಶುರುವಾಗುವ ಬಾಲ ಯಾವುದು, ಮೆಂಟ್. ಅದರ ಹಿಂದೆ ಒ-ಎನ್. ಹಲ್ಲುಜ್ಜುತ್ತಲೇ ಉತ್ತರ ಟೈಪ್ ಮಾಡಿದೆ: "ಎನ್ವಿರಾನ್‌ಮೆಂಟ್. ನಿನ್ನ ಸಬ್ಜೆಕ್ಟಿಂದೇ ಪುಟ್ಟಿ. ಈಗ ನೀನು ಹೇಳು, ಇ-ಡಿ-ಸಿ."