ಅಂಬಾಸಿಡರ್ ಗೇರ್ ಬಾಕ್ಸ್ ಅನ್ನು ನಾನೇ ಬಿಚ್ಚಬಹುದೇ?

ನನ್ನ 1984ರ ಅಂಬಾಸಿಡರ್ ಮಾರ್ಕ್ 4 ಕಂಡವರು, ಅದರಲ್ಲೂ ಅಪ್ಪನ ಕಾಲದ ಕಾರನ್ನು ಶೆಡ್ಡಿನಲ್ಲಿ ಉಳಿಸಿಕೊಂಡವರು, ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ: ‘ಗೇರ್ ಬಾಕ್ಸ್ ಕೆಟ್ಟಿದೆ, ನಾನೇ ಬಿಚ್ಚಿ ರಿಪೇರಿ ಮಾಡಬಹುದೇ?’ ಬಿಚ್ಚಬಹುದು. ಆದರೆ ಬಿಚ್ಚುವುದು ಬೇರೆ, ಮತ್ತೆ ಕಟ್ಟುವುದು ಬೇರೆ. ಎರಡನ್ನೂ ಒಂದೇ ದಿನ ತೀರ್ಮಾನಿಸಬೇಡಿ.

ಕೆಟ್ಟಿರುವುದು ಗೇರ್ ಬಾಕ್ಸೇ ಹೌದೋ ಎಂದು ಮೊದಲು ನೋಡಿ. ರಿವರ್ಸ್ ಸೇರಿ ಎಲ್ಲ ಗೇರ್‌ಗಳೂ ಕರಕರ ಎನ್ನುತ್ತಿದ್ದರೆ ಬಹುಮಟ್ಟಿಗೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಎಂದೇ ಅರ್ಥ. ಸ್ಟೀರಿಂಗ್ ಪಕ್ಕದ ಗೇರ್ ಲಿವರ್ ಸಡಿಲವಾಗಿ ಬೇಕಾದ ಗೇರ್ ಸಿಗದಿದ್ದರೆ, ಅಲ್ಲಿಂದ ಪೆಟ್ಟಿಗೆಯವರೆಗಿನ ರಾಡ್‌ಗಳ ಬುಷ್ ಸವೆದಿದೆಯೇ ಪರೀಕ್ಷಿಸಿ. ಮೊದಲ ಗೇರ್‌ಗಂತೂ, ಸದ್ದಿಲ್ಲದೆ ಸೇರುವಂತೆ ವೇಗ ಹೊಂದಿಸುವ ಸಿಂಕ್ರೊಮೆಶ್ ಇಲ್ಲವೇ ಇಲ್ಲ. ಗಾಡಿ ಉರುಳುತ್ತಿರುವಾಗ ಹಾಕಿದರೆ ಕಿರುಚುವುದು ಅದರ ಹುಟ್ಟುಗುಣ, ರೋಗವಲ್ಲ.

ಎರಡನೆಯ ಗೇರ್ ಮಾತ್ರ ಕಿರುಚಿದರೆ ಅದರ ಹಿತ್ತಾಳೆ ಸಿಂಕ್ರೊ ರಿಂಗ್ ಸವೆದಿರಬಹುದು. ಉಳಿದ ಗೇರ್‌ಗಳಲ್ಲಿ ಗೋಳಿಡುವ ಪೆಟ್ಟಿಗೆ ನಾಲ್ಕನೆಯದರಲ್ಲಿ ಸುಮ್ಮನಾಗುತ್ತದೆಯೇ? ನಾಲ್ಕನೆಯ ಗೇರ್‌ನಲ್ಲಿ ಎಂಜಿನ್ನಿನ ಶಕ್ತಿ ಮೇಲಿನ ಶಾಫ್ಟ್‌ಗಳಲ್ಲೇ ನೇರವಾಗಿ ಹಿಂದಕ್ಕೆ ಹೋಗುತ್ತದೆ. ಉಳಿದ ಗೇರ್‌ಗಳಲ್ಲಿ ಶಕ್ತಿಯನ್ನು ದಾಟಿಸುವ ಕೆಳಗಿನ ಲೇ ಗೇರ್ ಆಗಲೂ ತಿರುಗುತ್ತಿರುತ್ತದೆ, ಆದರೆ ಭಾರ ಹೊರುವುದಿಲ್ಲ. ಅಲ್ಲಿಗೆ, ತೊಂದರೆ ಕೆಳಗಿದೆ ಎಂದು ಬಿಚ್ಚುವ ಮೊದಲೇ ತಿಳಿಯಿತು. ಆಯಿಲ್ ಇಳಿಸಿ ಬಿಳಿ ಬಟ್ಟೆಯ ಮೇಲೆ ಸುರಿದು ನೋಡಿ. ಚಿನ್ನದ ಪುಡಿಯಂತೆ ಹೊಳೆದರೆ ಅದು ಹಿತ್ತಾಳೆ, ರಿಂಗ್‌ನ ಸವೆತ. ಅಯಸ್ಕಾಂತಕ್ಕೆ ಚೂರುಗಳು ಅಂಟಿದರೆ ಹಲ್ಲೋ ಬೇರಿಂಗೋ ಹೋಗಿದೆ.

ಇಷ್ಟಾದ ಮೇಲೂ ಇಳಿಸಲೇಬೇಕೆಂದರೆ ಧೈರ್ಯವಾಗಿ ಇಳಿಸಿ. ಬರೀ ಜ್ಯಾಕ್ ನಂಬಿ ಗಾಡಿಯ ಕೆಳಗೆ ಮಲಗಬೇಡಿ, ಗಟ್ಟಿ ಸ್ಟ್ಯಾಂಡ್ ಬೇಕೇ ಬೇಕು. ಪೆಟ್ಟಿಗೆ ಒಬ್ಬರ ಕೈಗೆ ನಿಲ್ಲುವ ಭಾರವಲ್ಲ, ಜೊತೆಗೆ ಇನ್ನೊಬ್ಬರಿರಲಿ. ಪ್ರತಿ ಹಂತವನ್ನೂ ಮೊಬೈಲಿನಲ್ಲಿ ಚಿತ್ರ ತೆಗೆದು, ಬಿಚ್ಚಿದ ಕ್ರಮದಲ್ಲೇ ಬಿಡಿಭಾಗಗಳನ್ನು ಹಳೆಯ ಬೆಡ್‌ಶೀಟಿನ ಮೇಲೆ ಸಾಲಾಗಿ ಇಡಿ.

ನನಗೆ ಪಾಠ ಕಲಿಸಿದ್ದು ಲೇ ಗೇರ್. ಅದು ತಿರುಗುವುದು ಸೂಜಿಯಂಥ ಸಣ್ಣ ರೋಲರ್‌ಗಳ ಮೇಲೆ. ಶಾಫ್ಟ್ ಎಳೆದೊಡನೆ ಅವು ಉದುರುತ್ತವೆ. ಜೋಡಿಸುವಾಗ ಗ್ರೀಸಿನಲ್ಲಿ ಅಂಟಿಸಿ, ಅಳತೆಗೆ ಕಡಿದ ತುಂಡು ಕಂಬಿಯೊಂದನ್ನು ಒಳಗಿಟ್ಟು, ಅದನ್ನು ಹೊರತಳ್ಳುತ್ತಾ ಅಸಲಿ ಶಾಫ್ಟ್ ತೂರಿಸಬೇಕು. ಮೊದಲ ಸಲ ಎಲ್ಲ ಮುಗಿಸಿ ಕೈ ತೊಳೆದು ಬಂದಾಗ ಬೆಡ್‌ಶೀಟಿನ ಮಡಿಕೆಯಲ್ಲಿ ಒಂದು ರೋಲರ್ ಉಳಿದಿತ್ತು. ಇಡೀ ಪೆಟ್ಟಿಗೆಯನ್ನು ಮತ್ತೆ ಬಿಚ್ಚಿದೆ. ಆ ಎರಡು ದಿನಗಳಲ್ಲಿ ಕಲಿತಷ್ಟನ್ನು ಯಾವ ಕೈಪಿಡಿಯಿಂದಲೂ ಕಲಿತಿರಲಿಲ್ಲ.

ಭಾಗಗಳೆಲ್ಲ ಕಣ್ಣ ಮುಂದೆ ಹರಡಿದಾಗಲೇ ಕಟ್ಟುವ ತೀರ್ಮಾನ. ರಿಂಗ್, ಬೇರಿಂಗ್, ಸೀಲ್ ಮಾತ್ರ ಹೋಗಿದ್ದರೆ ನೀವೇ ಕಟ್ಟಿ. ಬೇರಿಂಗ್ ಕೀಳಲು, ಕೂರಿಸಲು ಸುತ್ತಿಗೆ ಎತ್ತದೆ ಪ್ರೆಸ್ ಇರುವ ಲೇತ್ ಅಂಗಡಿಗೆ ಒಯ್ಯಿರಿ. ಲೇ ಗೇರ್‌ನ ಹಲ್ಲು ಮುರಿದಿದ್ದರೆ ಲೆಕ್ಕವೇ ಬೇರೆ: ಅದರ ಹಲ್ಲಿನ ಸುತ್ತುಗಳೆಲ್ಲ ಒಂದೇ ತುಂಡು, ಪೂರ್ತಿ ಬದಲಿಸಬೇಕು. ಆಗ ಸುಸ್ಥಿತಿಯ ಇನ್ನೊಂದು ಹಳೆಯ ಪೆಟ್ಟಿಗೆ ಹುಡುಕುವುದೇ ಲೇಸು. ಪಶ್ಚಿಮ ಬಂಗಾಳದ ಉತ್ತರಪಾರಾದ ಕಾರ್ಖಾನೆ 2014ರಲ್ಲೇ ಅಂಬಾಸಿಡರ್ ತಯಾರಿಕೆ ನಿಲ್ಲಿಸಿತಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬಿಡಿಭಾಗ ಹುಡುಕುವಾಗ ಹೊಳಪಿಗೆ ಮರುಳಾಗಬೇಡಿ. ಹೊಸ ರಿಂಗ್ ಅನ್ನು, ಅದು ಕೂರುವ ಗೇರ್‌ನ ಇಳಿಜಾರು ಭಾಗದ (ಕೋನ್) ಮೇಲೆ ಒತ್ತಿ ತಿರುಗಿಸಿದಾಗ ಅದು ಕಚ್ಚಿ ಹಿಡಿಯಬೇಕು. ಜಾರಿದರೆ ವಾಪಸ್ ಕೊಡಿ. ಆಯಿಲ್ ಕೈಪಿಡಿ ಹೇಳಿದ್ದನ್ನೇ ಹಾಕಿ. ಹಿತ್ತಾಳೆ ರಿಂಗ್ ಇರುವ ಹಳೆಯ ಪೆಟ್ಟಿಗೆಗೆ ಹೆಚ್ಚು ಒತ್ತಡದ ಗೇರ್‌ಗಳಿಗೆಂದು ಮಾಡಿದ ಜಿಎಲ್-5 ದರ್ಜೆಯ ಆಯಿಲನ್ನು ನಾನು ಮುಟ್ಟಿಸುವುದಿಲ್ಲ.

ದಿನವೂ ಕಚೇರಿಗೆ ಇದೇ ಕಾರಿನಲ್ಲಿ ಹೋಗುವವರು ಈ ಕೆಲಸಕ್ಕೆ ಇಳಿಯಬೇಡಿ. ಅವಸರವೇ ಗೇರ್ ಬಾಕ್ಸಿಗೆ ಶತ್ರು. ಕಾಯಲು ಸಾಧ್ಯವಿರುವವರು, ನಿಮ್ಮ ಊರಿನಲ್ಲಿ ಅಂಬಾಸಿಡರ್ ಟ್ಯಾಕ್ಸಿಗಳನ್ನು ನೋಡಿಕೊಂಡಿದ್ದ ಹಿರಿಯ ಮೆಕ್ಯಾನಿಕ್ ಒಬ್ಬರಿದ್ದರೆ ಹುಡುಕಿ. ಅಂಥವರು ಕಡಿಮೆಯಾಗುತ್ತಿದ್ದಾರೆ, ಅವರ ವಿದ್ಯೆ ಅವರೊಂದಿಗೇ ಹೋಗುತ್ತಿದೆ ಎಂಬುದು ನನಗೆ ನಿಜವಾದ ಸಂಕಟ. ದಿನದ ಕೂಲಿ ಕೊಟ್ಟು ಪಕ್ಕದಲ್ಲಿ ಕುರ್ಚಿ ಹಾಕಿ ಕೂರಿಸಿಕೊಳ್ಳಿ. ಸ್ಪ್ಯಾನರ್ ನಿಮ್ಮ ಕೈಯಲ್ಲಿರಲಿ.