ಯುರೋಪಿನ ಸಂಗೀತೋತ್ಸವಕ್ಕೆ ಬರುವಿರಾ? ಮೊದಲು ಮಲಗುವ ಜಾಗ ನೋಡಿ

ಬೇಸಿಗೆಯಲ್ಲಿ ಇಲ್ಲಿನ ಸಂಗೀತೋತ್ಸವಕ್ಕೆ ಬರಬೇಕೆನ್ನುವವರೆಲ್ಲ ಮೊದಲು ಕೇಳುವುದು, ಯಾರು ಹಾಡುತ್ತಾರೆ ಅಂತ. ಅದನ್ನು ಕೊನೆಗಿಡಿ. ಅಮೆರಿಕದಿಂದ ಬಂದ ಬ್ಯಾಂಡ್ ಒಂದೇ ಕಡೆ ನುಡಿಸಿ ವಾಪಸ್ ಹೋಗುವುದಿಲ್ಲ, ಜೂನ್‌ನಿಂದ ಆಗಸ್ಟ್‌ವರೆಗೆ ನಾಲ್ಕಾರು ದೇಶ ಸುತ್ತುತ್ತದೆ. ಅಲ್ಲದೆ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಂಥ ಕಡೆ ಮುಖ್ಯ ಕಲಾವಿದರ ಪಟ್ಟಿ ಹೊರಬರುವ ಮೊದಲೇ ಟಿಕೆಟ್ ಖಾಲಿ. ಮೊದಲು ಕೇಳಿಕೊಳ್ಳಬೇಕಾದದ್ದು, ರಾತ್ರಿ ಎಲ್ಲಿ ಮಲಗುತ್ತೀರಿ?

ಅಪ್ಪ ಅಮ್ಮ ಜೊತೆಗಿದ್ದರೆ ಟೆಂಟಿನ ಮಾತೇ ಬೇಡ. ಜುಲೈನಲ್ಲಿ ಸ್ವಿಟ್ಜರ್ಲೆಂಡಿನ ಮಾಂಟ್ರೋ ಜಾಝ್ ಉತ್ಸವಕ್ಕೆ ಬನ್ನಿ. 1967ರಿಂದ ನಡೆಯುತ್ತಿದೆ. ಒಂದೊಂದು ಸಂಜೆಗೆ ಬೇರೆ ಬೇರೆ ಟಿಕೆಟ್, ಉಚಿತ ವೇದಿಕೆಗಳೂ ಇವೆ. ಊರಲ್ಲಿ ರೂಮಿನ ಬಾಡಿಗೆ ಕೇಳಿ ಗಾಬರಿಯಾದರೆ ಲೋಸಾನ್‌ನಲ್ಲಿ ಉಳಿಯಿರಿ, ರೈಲಿನಲ್ಲಿ ಅರ್ಧ ಗಂಟೆಯೂ ಇಲ್ಲ. ಬಾರ್ಸಿಲೋನಾದ ಪ್ರಿಮವೇರಾ ಸೌಂಡ್ ಕೂಡ ಪೇಟೆಯೊಳಗಿನದೇ, ಆದರೆ ಬೆಳಗಿನ ಜಾವದವರೆಗೆ ನಡೆಯುತ್ತದೆ. ಅಲ್ಲಿನ ಮೆಟ್ರೊ ಮಾಮೂಲಾಗಿ ಇಡೀ ರಾತ್ರಿ ಓಡುವುದು ಶನಿವಾರ ಮಾತ್ರ. ಆದ್ದರಿಂದ ಉತ್ಸವ ನಡೆಯುವ ಪಾರ್ಕ್ ದೆಲ್ ಫೋರಂನಿಂದ ನಡೆದು ಹೋಗುವಷ್ಟು ದೂರದಲ್ಲೇ ರೂಮು ಹಿಡಿಯಿರಿ.

ಟೆಂಟಿಗೂ ಸೈ ಎನ್ನುವ ವಯಸ್ಸಿನವರಿಗೆ ನಮ್ಮ ಮೊದಲ ಸಲಹೆ ಡೆನ್ಮಾರ್ಕಿನ ರೋಸ್ಕಿಲ್ಡ. ಪೂರ್ತಿ ಉತ್ಸವದ ಟಿಕೆಟ್‌ನಲ್ಲೇ ಬಿಡಾರದ ಜಾಗವೂ ಸೇರಿದೆ, ಕೋಪನ್‌ಹೇಗನ್‌ನಿಂದ ರೈಲಿನಲ್ಲಿ ಸುಮಾರು ಅರ್ಧ ಗಂಟೆ. ಹೆವಿ ಮೆಟಲ್ ಸಂಗೀತದ ಹುಚ್ಚಿನವರಿಗೆ ಉತ್ತರ ಜರ್ಮನಿಯ ವಾಕನ್. ಬೆಂಗಳೂರಿನ ಕ್ರಿಪ್ಟೋಸ್ ಬ್ಯಾಂಡ್ 2013ರಲ್ಲಿ ಅಲ್ಲಿ ನುಡಿಸಿತ್ತು. ಹ್ಯಾಂಬರ್ಗ್‌ನಿಂದ ಇಟ್ಸೆಹೋ ತನಕ ರೈಲು, ಮುಂದೆ ಬಸ್ಸು.

ವಾಕನ್‌ನ ದೊಡ್ಡ ಶತ್ರು ಕೆಸರು. 2023ರಲ್ಲಿ ಮಳೆ ಸುರಿದು ಗದ್ದೆಯಂತಾದ ಜಾಗಕ್ಕೆ ವಾಹನ ಬಿಡಲಾಗದೆ, ಟಿಕೆಟ್ ಇದ್ದ ಸಾವಿರಾರು ಜನರನ್ನು ಒಳಗೇ ಬಿಡಲಿಲ್ಲ. ಹೀಗಾದಾಗ ಟಿಕೆಟ್ ಹಣ ಬಂದರೂ ವಿಮಾನದ ಖರ್ಚು ಹೋದಂತೆಯೇ. ಮೊಣಕಾಲವರೆಗಿನ ಗಂಬೂಟು ತನ್ನಿ, ಸ್ಪೋರ್ಟ್ಸ್ ಶೂ ಎರಡನೇ ದಿನಕ್ಕೆ ಕೈಕೊಡುತ್ತದೆ. ಜುಲೈ ಆದರೂ ರಾತ್ರಿ 10 ಡಿಗ್ರಿಗೆ ಇಳಿಯುವುದುಂಟು. ಚಳಿ ಏರುವುದು ನೆಲದಿಂದ, ಹಾಗಾಗಿ ಎರಡು ಕಂಬಳಿ ಹೊದೆಯುವ ಬದಲು ಕೆಳಗೆ ಒಂದು ದಪ್ಪ ಫೋಮ್ ಚಾಪೆ ಹಾಸಿ. ಇಯರ್‌ಪ್ಲಗ್ ಮರೆಯಬೇಡಿ. ವೇದಿಕೆಯ ಮುಂದೆ ಮಾತ್ರವಲ್ಲ, ಪಕ್ಕದ ಟೆಂಟಿನವರ ಸ್ಪೀಕರಿಗೂ ಬೇಕಾಗುತ್ತದೆ.

ಇನ್ನು ವೀಸಾ. ಹೆಚ್ಚಿನವರು ಎಡವುವುದು ಇಲ್ಲೇ. ಯುರೋಪಿನ ಬಹುತೇಕ ದೇಶಗಳಿಗೆ ಒಂದೇ ಆಗಿ ನಡೆಯುವ ಷೆಂಗೆನ್ ವೀಸಾದ ಅರ್ಜಿಯನ್ನು ಪ್ರಯಾಣಕ್ಕೆ 6 ತಿಂಗಳ ಮುಂಚೆಯೇ ಹಾಕಬಹುದು, ಕಡೇ ಗಡುವು 15 ದಿನ. ಏಪ್ರಿಲ್, ಮೇನಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ, ಕಾದು ಕೂರಬೇಡಿ. ಹೆಚ್ಚು ದಿನ ಇರುವ ದೇಶಕ್ಕೇ ಅರ್ಜಿ ಹಾಕಬೇಕು. ನಾಲ್ಕು ದಿನ ರೋಸ್ಕಿಲ್ಡ, ಎಂಟು ದಿನ ಇಟಲಿ ಎಂದಾದರೆ ಇಟಲಿಗೆ. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಬಿಡಾರದ ಟಿಕೆಟ್ಟನ್ನು ವಸತಿಯ ದಾಖಲೆಯಾಗಿ ಲಗತ್ತಿಸುವಾಗ ಆ ದಿನಾಂಕಗಳನ್ನು ಪತ್ರದಲ್ಲಿ ಬಿಡಿಸಿ ಬರೆಯಿರಿ. ಇಲ್ಲದಿದ್ದರೆ ಆ ರಾತ್ರಿಗಳಿಗೆ ವಸತಿಯೇ ಇಲ್ಲವೆಂದು ಕಾಣುತ್ತದೆ.

ಗ್ಲಾಸ್ಟನ್‌ಬರಿಗೆ ಬ್ರಿಟನ್ನಿನ ಬೇರೆ ವೀಸಾ ಬೇಕು, ಷೆಂಗೆನ್ ನಡೆಯದು. ಅಲ್ಲಿನ ಟಿಕೆಟ್ ಕೊಳ್ಳಲು ಫೋಟೋ ಸಮೇತ ಮೊದಲೇ ನೋಂದಾಯಿಸಿರಬೇಕು. ಟಿಕೆಟ್ ಮೇಲೆ ಅದೇ ಫೋಟೋ ಬರುವುದರಿಂದ ಬೇರೆಯವರದ್ದು ಕೊಂಡರೆ ದುಡ್ಡು ಹೋಯಿತೆಂದೇ ಲೆಕ್ಕ. ಅಂದಹಾಗೆ ಅದು ನಡೆಯುವುದು ಹಸು ಮೇಯುವ ಜಮೀನಿನಲ್ಲಿ. ಕೆಲವು ವರ್ಷಗಳಿಗೊಮ್ಮೆ ಹೊಲ ಬೀಳು ಬಿಟ್ಟಂತೆ ಉತ್ಸವಕ್ಕೂ ರಜೆ, 2026 ಅಂಥ ವರ್ಷ.

ಊಟದ ಚಿಂತೆ ಮೊದಲಿನಷ್ಟಿಲ್ಲ, ಫಲಾಫೆಲ್ ಎಲ್ಲೆಡೆ ಸಿಗುತ್ತದೆ. ಆದರೆ ಸಸ್ಯಾಹಾರಿಗಳು ಟುಮಾರೊಲ್ಯಾಂಡ್ ಉತ್ಸವಕ್ಕೆಂದು ಬೆಲ್ಜಿಯಂಗೆ ಹೋದರೆ ಆಲೂ ಫ್ರೈಸ್ ಕೊಳ್ಳುವ ಮುನ್ನ ಯಾವುದರಲ್ಲಿ ಕರಿದದ್ದೆಂದು ಕೇಳಿ, ಅಲ್ಲಿನ ಸಂಪ್ರದಾಯ ದನದ ಕೊಬ್ಬು. ಮೇಯೊನೇಸ್‌ನಲ್ಲಿ ಮೊಟ್ಟೆ ಇರುತ್ತದೆ. ಬುಡಾಪೆಸ್ಟಿನ ದ್ವೀಪದಲ್ಲಿ ನಡೆಯುವ ಸಿಗೆಟ್‌ಗೆ ಹೋದವರು ಲಾಂಗೋಶ್ ತಿನ್ನಿ. ನಮ್ಮ ಭಟೂರದಂತೆ ಎಣ್ಣೆಯಲ್ಲಿ ಕರಿದ ದಪ್ಪ ರೊಟ್ಟಿ, ಮೇಲೆ ಹುಳಿ ಕೆನೆ, ಚೀಸು. ಬೆಳ್ಳುಳ್ಳಿ ಜಾಸ್ತಿ ಹಾಕಿಸಿಕೊಳ್ಳಿ.